ಹನ್ನೊಂದನೇ ನಂಬರಿನ ಸವಾಲು

ನಮ್ಮ ಯಜಮಾನರು ಧರಣೇಂದ್ರ ಒಂದು ತೆಂಗಿನಕಾಯಿ ಕೊಳ್ಳುವುದಕ್ಕೆ ಹನ್ನೆರಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವವರು. ನಂದಗಡದಲ್ಲಿ ನಮ್ಮದು ಅಕ್ಕಿ, ಅವಲಕ್ಕಿಯ ಅಂಗಡಿ. ಅಲ್ಲಿ ಗಿರಾಕಿಗೆ ಎಂಟಾಣೆ ಬಿಡುವ ಮಾತಿಲ್ಲ, ಎಂಟಾಣೆ ಚಲಾವಣೆಯಿಂದ ಹೋಗಿ ವರ್ಷಗಳೇ ಆಗಿದ್ದರೂ ಬಿಡುವ ಮಾತಿಲ್ಲ. ಇಂಥವರು ಮಗಳಿಗೆ ಹಳೆಯ ಲ್ಯಾಪ್‌ಟಾಪ್ ಕೊಡಿಸಲು ಹೊರಟಾಗ, ಮತ್ತೇನು ಕೆಟ್ಟರೂ ದುಡ್ಡು ಮಾತ್ರ ಪೋಲಾಗುವುದಿಲ್ಲ ಎಂದು ನಾನು ನಿಶ್ಚಿಂತಳಾಗಿದ್ದೆ. ಖಾನಾಪುರದ ಶಾಲೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಮಕ್ಕಳಿಗೆ ಬುದ್ಧಿ ಹೇಳುವ ರತ್ನಮಾಲಾ ಟೀಚರಿನ, ಅಂದರೆ ನನ್ನ, ಬುದ್ಧಿ ಅಷ್ಟೇ.

ಮಗಳು ಬ್ರಾಹ್ಮಿ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ, ಕಂಪ್ಯೂಟರ್ ವಿಭಾಗ. ದಿನಾ ನಂದಗಡದಿಂದ ಖಾನಾಪುರ, ಖಾನಾಪುರದಿಂದ ಬೆಳಗಾವಿ, ಎರಡು ಬಸ್ಸು. ಕಾಲೇಜಿನ ಲ್ಯಾಬಿನಲ್ಲಿ ಒಂದು ಕಂಪ್ಯೂಟರ್ ಖಾಲಿಯಾಗುವ ಹೊತ್ತಿಗೆ ಇವಳ ಬಸ್ಸು ಹೊರಡುವ ಹೊತ್ತಾಗಿರುತ್ತದೆ. ಪ್ರಾಜೆಕ್ಟಿಗೆ ನಾಲ್ಕು ಜನರ ತಂಡ. ಲ್ಯಾಪ್‌ಟಾಪ್ ಇದ್ದವರು ಪ್ರೋಗ್ರಾಂ ಬರೆಯುತ್ತಾರೆ, ಇಲ್ಲದವರು ವರದಿ ಬರೆಯುತ್ತಾರೆ. ಎರಡು ಸಲವೂ ನನ್ನ ಮಗಳು ವರದಿ ಬರೆದಳು. ಪ್ರೋಗ್ರಾಂ ಕೂಡ ಅವಳೇ ಬರೆದದ್ದು, ನೋಟುಬುಕ್ಕಿನಲ್ಲಿ, ಪೆನ್ನು ಹಿಡಿದು. ವಿಪುಲ ಎನ್ನುವ ಹುಡುಗ ಅದನ್ನು ನೋಡಿಕೊಂಡು ತನ್ನ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿದ. ಮೇಷ್ಟ್ರ ಪಟ್ಟಿಯಲ್ಲಿ ಪ್ರೋಗ್ರಾಂ ವಿಪುಲನದು, ವರದಿ ಬ್ರಾಹ್ಮಿಯದು.

ಈ ಸಲದ್ದು ದೊಡ್ಡ ಪ್ರಾಜೆಕ್ಟು. ಕೆಲಸ ಕೊಡಲು ಬರುವ ಕಂಪನಿಯವರು ಕೇಳುವುದು ಇದರ ಬಗ್ಗೆಯೇ. ಯಾರು ಏನು ಮಾಡುತ್ತಾರೆ ಎಂದು ಸೋಮವಾರ ಬರೆದುಕೊಡಬೇಕಿತ್ತು, ಪ್ರೋಗ್ರಾಂ ಬರೆಯುವವರು ಅದರ ಮೊದಲ ಭಾಗವನ್ನೂ ಕೊಡಬೇಕಿತ್ತು.

"ಸೋಮವಾರದೊಳಗ ನನ್ನ ಕೈಯಾಗ ಒಂದು ಮಷೀನ್ ಇರಬೇಕವ್ವಾ," ಎಂದಳು ಬ್ರಾಹ್ಮಿ. "ಇಲ್ಲಂದ್ರ ಈ ಸಲಾನೂ ನಾ ವರದಿ ಬರಿಯಾಕಿನ."

ದುಡ್ಡು ಅವಳದೇ. ಎರಡು ವರ್ಷ ನಮ್ಮ ಕಟ್ಟೆಯ ಮೇಲೆ ಆರನೇ, ಏಳನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಸಿದ ಇಪ್ಪತ್ನಾಲ್ಕು ಸಾವಿರ. ಅವಳು ಒಂದು ಹಾಳೆಯಲ್ಲಿ ಲೆಕ್ಕ ಬರೆದಿಟ್ಟಿದ್ದಳು: ಮಷೀನಿಗೆ ಹದಿನೇಳರ ಒಳಗೆ, ಹೊಸ ಬ್ಯಾಟರಿಗೆ ಮೂರು, ಮೆಮೊರಿ ಹೆಚ್ಚಿಸಲು ನಾಲ್ಕು. ಮೆಮೊರಿ ಕಡಿಮೆಯಿದ್ದರೆ ದೊಡ್ಡ ಪ್ರೋಗ್ರಾಂ ತೆರೆದಾಗ ಯಂತ್ರ ಉಸಿರುಗಟ್ಟಿ ನಿಂತುಬಿಡುತ್ತದಂತೆ. ನನಗೆ ಅರ್ಥವಾದದ್ದು ಅಷ್ಟು.

ಲೆಕ್ಕ ಇಷ್ಟು ಸ್ಪಷ್ಟವಿದ್ದರೂ ಊರಿಗೆ ಊರೇ ಬಾಯಿ ಹಾಕಿತು. ಅಂಗಡಿಗೆ ಬಂದವರೆಲ್ಲ ಅವಲಕ್ಕಿ ಬಿಟ್ಟು ಲ್ಯಾಪ್‌ಟಾಪಿನ ಮಾತೆತ್ತಿದರು. ಪರದೆ ದೊಡ್ಡದಿರಲಿ ಎಂದರು, ಬೆಳ್ಳಿ ಬಣ್ಣದ್ದು ಬೇಗ ಕೆಡುವುದಿಲ್ಲ ಎಂದರು. ಗಜಾನನ ಎನ್ನುವ ನಮ್ಮ ಪಕ್ಕದ ಸ್ಟೇಷನರಿ ಅಂಗಡಿಯವರು, ಕಂಪ್ಯೂಟರ್ ಎಂದರೆ ಲಗ್ನಪತ್ರಿಕೆ ಛಾಪಿಸುವುದು ಎಂದು ತಿಳಿದವರು, "ಹುಡುಗೀಗೆ ಸಣ್ಣದು ಸಾಕ್ರೀ, ಬ್ಯಾಗಿನ್ಯಾಗ ಹಿಡದ್ರ ಆತು" ಎಂದರು. ಯಜಮಾನರು ಎಲ್ಲರ ಮಾತನ್ನೂ ಗಂಭೀರವಾಗಿ ಕೇಳಿ ತಲೆಯಾಡಿಸಿದರು. ಮಗಳ ಹಾಳೆಯನ್ನು ಮಾತ್ರ ಮಡಚಿ ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟರು.

ಗುರುವಾರ ಮೂವರೂ ಬೆಳಗಾವಿಗೆ ಹೋದೆವು. ಖಡೇಬಜಾರಿನ ಹತ್ತಿರ ನಾಸೀರ ಎನ್ನುವವರ ಅಂಗಡಿ, ಹಳೆಯ ಲ್ಯಾಪ್‌ಟಾಪುಗಳನ್ನು ಕೊಂಡು ರಿಪೇರಿ ಮಾಡಿ ಮಾರುವವರು. ನಲವತ್ತರ ಆಸುಪಾಸಿನ, ಕನ್ನಡಕ ಮೂಗಿನ ತುದಿಗೆ ಇಳಿಸಿದ ಮನುಷ್ಯ. ಬ್ರಾಹ್ಮಿ ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಕೊಟ್ಟರು. ಬ್ಯಾಟರಿ ಎಷ್ಟು ಸವೆದಿದೆ ಎಂದು ಎಲ್ಲಿ ನೋಡಬೇಕು, ಪರದೆಯನ್ನು ಪೂರಾ ಬಿಳಿ ಮಾಡಿ ಬೆಳಕು ಸತ್ತ ಚುಕ್ಕೆ ಹೇಗೆ ಹುಡುಕಬೇಕು, ಮಡಿಕೆಯ ಕೀಲು ಸಡಿಲವಾಗಿದ್ದರೆ ಯಾಕೆ ಮುಟ್ಟಬಾರದು, ಎಲ್ಲವನ್ನೂ ತೋರಿಸಿದರು. ಅವಳು ಕೀಬೋರ್ಡಿನ ಕೀಲಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದಾಗ ಯಜಮಾನರು ಒಂದು ಲ್ಯಾಪ್‌ಟಾಪನ್ನು ಅಂಗೈ ಮೇಲೆ ಇಟ್ಟು ತೂಗಿದರು.

"ಇದು ಭಾರ ಐತಿ. ಇದ ಚಲೋದು," ಎಂದರು.

"ಅಪ್ಪಾ, ಅದು ಹದಿನಾಲ್ಕು ವರ್ಷದ ಹಿಂದಿನದು."

"ಅದಕ್ಕ ಭಾರ ಐತಿ. ಹಿಂದಿನ ಸಾಮಾನ."

ನಾನು ಹಣೆ ಒತ್ತಿಕೊಂಡೆ. ನಾಸೀರ ಅವರು ನಗು ಅಡಗಿಸಿ, ಬ್ರಾಹ್ಮಿಗೆ ಸರಿಹೋಗುವ ಮಷೀನು ತಮ್ಮಲ್ಲಿ ಇಪ್ಪತ್ತೇಳರ ಕೆಳಗೆ ಇಲ್ಲ ಎಂದು ಹೇಳಿಬಿಟ್ಟರು. ಆಮೇಲೆ ತಾವಾಗಿಯೇ ಒಂದು ದಾರಿ ಹೇಳಿದರು. ಹಿಂದವಾಡಿಯಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ಮುಚ್ಚಿದೆ, ಭಾನುವಾರ ಅದರ ಲ್ಯಾಪ್‌ಟಾಪುಗಳ ಹರಾಜು.

"ನಾನೂ ಬರ್ತೀನ್ರಿ, ಮಾಲು ತಗೊಳ್ಳಾಕ," ಎಂದರು. "ಖರೇ ಹೇಳ್ತೀನಿ, ಅಲ್ಲಿ ಇರೂ ಮಷೀನಿಗೆ ಹದಿನಾರರ ಮ್ಯಾಲ ಹೋದ್ರ ನನಗ ಏನೂ ಉಳಿಯಂಗಿಲ್ಲ. ನಾ ಕೈ ಬಿಟ್ಟಮ್ಯಾಲ ನೀವು ಒಂದು ಐನೂರು ಏರಿಸಿದ್ರ ಮಷೀನ್ ನಿಮ್ಮದು. ಮುಗೀತು."

ಇಷ್ಟು ಸುಲಭದ ಮಾತು. ವ್ಯಾಪಾರಿಯೇ ತನ್ನ ಕೊನೆಯ ಬೆಲೆ ಬಾಯಿಬಿಟ್ಟು ಹೇಳಿದ್ದಾನೆ. ಆದರೆ "ಹರಾಜು" ಎಂಬ ಮಾತು ಕೇಳಿದ್ದೇ ತಡ ನಮ್ಮ ಯಜಮಾನರ ಮುಖ ಅರಳಿದ್ದನ್ನು ನಾನು ನೋಡಿದೆ. ಅಲ್ಲಿಯೇ ನನಗೆ ದಿಗಿಲಾಗಬೇಕಿತ್ತು.

"ಸವಾಲ್ ಐತೇನು?" ಎಂದರು. "ಸವಾಲ್ ಅಂದ್ರ ನನಗ ಬಿಡ್ರಿ."

ಇಲ್ಲಿ ಸವಾಲಿನ ವಿಷಯ ಹೇಳಲೇಬೇಕು. ನಮ್ಮ ಬಸದಿಯಲ್ಲಿ ವರ್ಷಕ್ಕೊಮ್ಮೆ ದೊಡ್ಡ ಅಭಿಷೇಕ ನಡೆಯುತ್ತದೆ. ಮೊದಲ ಕಲಶ ಎತ್ತುವ ಭಾಗ್ಯ ಯಾರಿಗೆ ಎಂದು ಸವಾಲು ಕೂಗುತ್ತಾರೆ. ಹೆಚ್ಚು ಕೂಗಿದವರಿಗೆ ಕಲಶ, ದುಡ್ಡು ಬಸದಿಗೆ. ಅಲ್ಲಿ ಏರಿಸಿದಷ್ಟೂ ಪುಣ್ಯ, ಹಿಂದೆ ಸರಿದರೆ ನಾಲ್ಕು ಜನರ ಮುಂದೆ ಸಣ್ಣತನ. ಕೂಗಿದ ದುಡ್ಡನ್ನು ಅಂದೇ ಕೊಡಬೇಕೆಂದೂ ಇಲ್ಲ, ದೀಪಾವಳಿಯೊಳಗೆ ಕೊಟ್ಟರಾಯಿತು. ಎಂಟಾಣೆ ಬಿಡದ ನಮ್ಮ ಯಜಮಾನರು ಅಲ್ಲಿ ಮಾತ್ರ ಬೇರೆಯೇ ಮನುಷ್ಯ. ಗಂಡಸರು ಹೆಂಡತಿಯ ಹೆಸರಿನಲ್ಲಿ ಕೂಗುವ ರೂಢಿ. ಹನ್ನೆರಡು ವರ್ಷದಿಂದ "ರತ್ನಮಾಲಾ ಧರಣೇಂದ್ರ" ಎಂದು ನನ್ನ ಹೆಸರು ಮೈಕಿನಲ್ಲಿ ಮೊಳಗುತ್ತಿದೆ. ನಾನು ಹೆಂಗಸರ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು, ಈ ಸಲ ಯಾವ ಖರ್ಚು ಕಡಿಮೆ ಮಾಡಬೇಕು ಎಂದು ಯೋಚಿಸುತ್ತ ಕೂತಿರುತ್ತೇನೆ.

ಎದುರಾಳಿಯೂ ಹನ್ನೆರಡು ವರ್ಷದಿಂದ ಒಬ್ಬರೇ. ಬೀಡಿ ಎಂಬ ಹತ್ತಿರದ ಊರಿನ ಭರಮಪ್ಪ, ಯಜಮಾನರ ಸೋದರತ್ತೆಯ ಮಗ, ಗೊಬ್ಬರದ ಅಂಗಡಿಯವರು. ಹಬ್ಬಕ್ಕೆ ನಮ್ಮ ಬಸದಿಗೇ ಬರುತ್ತಾರೆ. ಉಳಿದ ದಿನ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುವಷ್ಟು ಸಲುಗೆ. ಸವಾಲು ಶುರುವಾದರೆ ಮಾತ್ರ ಇವರು ಸಾವಿರ ಎಂದರೆ ಅವರು ಎರಡು ಸಾವಿರ.

ಭಾನುವಾರ ಬೆಳಗಿನ ಬಸ್ಸಿಗೆ ಹೊರಟೆವು. ಯಜಮಾನರು ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ, ಹೆಗಲ ಮೇಲೆ ಜರಿಯಂಚಿನ ಶಲ್ಯ ಹಾಕಿಕೊಂಡಿದ್ದರು. ಹಳೆಯ ಲ್ಯಾಪ್‌ಟಾಪು ಕೊಳ್ಳಲು ಜರಿಯಂಚಿನ ಶಲ್ಯ ಯಾಕೆ ಎಂದು ಕೇಳಿದರೆ ಅದರ ಮಡಿಕೆ ಸರಿಪಡಿಸಿಕೊಂಡರು. ಬಸ್ಸಿನಲ್ಲಿ ಬ್ರಾಹ್ಮಿ ಮೂರು ಸಲ ಹೇಳಿದಳು, "ಅಪ್ಪಾ, ಹದಿನೇಳು. ಅದರ ಮ್ಯಾಲ ಒಂದು ರೂಪಾಯಿನೂ ಇಲ್ಲ."

"ನನಗ ಹೇಳತಿ ಏನು? ವ್ಯಾಪಾರ ಮಾಡಕೋತ ಕೂದಲ ಬೆಳ್ಳಗಾಗ್ಯಾವ," ಎಂದರು ಅವರು.

ಹಿಂದವಾಡಿಯ ಆ ಕೇಂದ್ರದ ಅಂಗಳದಲ್ಲಿ ಉದ್ದನೆಯ ಬೆಂಚುಗಳ ಮೇಲೆ ಇಪ್ಪತ್ತು ಲ್ಯಾಪ್‌ಟಾಪುಗಳನ್ನು ಸಾಲಾಗಿ ಇಟ್ಟಿದ್ದರು, ಒಂದೊಂದಕ್ಕೂ ನಂಬರಿನ ಚೀಟಿ. ಹರಾಜು ಕೂಗುವವರು ನಾಗಲಿಂಗ ಎಂಬ ದಪ್ಪ ದನಿಯ ಮನುಷ್ಯ. ನಿಯಮ ಮೊದಲೇ ಓದಿ ಹೇಳಿದರು: ಮೂರು ಸಾವಿರ ಠೇವಣಿ ಕಟ್ಟಿ ಹೆಸರು ಬರೆಸಿದವರಿಗಷ್ಟೇ ಕೂಗುವ ಹಕ್ಕು. ಗೆದ್ದವರು ಮಧ್ಯಾಹ್ನ ಎರಡು ಗಂಟೆಯೊಳಗೆ ಪೂರ್ತಿ ಹಣ ಕಟ್ಟಬೇಕು, ಇಲ್ಲದಿದ್ದರೆ ಠೇವಣಿ ಹೋಯಿತು, ಅವರು ಮತ್ತೆ ಕೂಗುವಂತಿಲ್ಲ. ದುಡ್ಡು ಬಾರದ ನಂಬರುಗಳನ್ನು ಮೂರು ಗಂಟೆಗೆ ಮತ್ತೆ ಕೂಗುತ್ತಾರೆ. ಬ್ರಾಹ್ಮಿಯ ದುಡ್ಡಿನಿಂದ ಮೂರು ಸಾವಿರ ಕಟ್ಟಿ ಯಜಮಾನರು ತಮ್ಮ ಹೆಸರು ಬರೆಸಿದರು, ಊರಿನ ಹೆಸರೂ ಸೇರಿಸಿ.

ನೋಡಲು ಅರ್ಧ ಗಂಟೆ ಕೊಟ್ಟಿದ್ದರು. ನಾಸೀರ ಹೇಳಿಕೊಟ್ಟಂತೆ ಬ್ರಾಹ್ಮಿ ಒಂದೊಂದನ್ನೂ ತೆರೆದು, ಕೀಲು ಅಲ್ಲಾಡಿಸಿ, ಕೀಲಿ ಒತ್ತಿ, ಕೈಯಲ್ಲಿದ್ದ ಪುಸ್ತಕದಲ್ಲಿ ಗುರುತು ಹಾಕಿಕೊಂಡಳು. ಕೊನೆಗೆ ಹನ್ನೊಂದನೇ ನಂಬರಿನ ಮುಂದೆ ನಿಂತಳು. ಕಪ್ಪು ಬಣ್ಣದ, ಮೂಲೆಯಲ್ಲಿ ಸ್ವಲ್ಪ ಗೀರು ಬಿದ್ದ ಮಷೀನು. ಅದರಲ್ಲಿ ನಾಲ್ಕು ಸಾಲು ಏನೋ ಒತ್ತಿದಳು, ಅದು ಏನೋ ಉತ್ತರ ಕೊಟ್ಟಿತು. ಅವಳು ನಕ್ಕಳು. ಈ ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಅಷ್ಟರಲ್ಲಿ ಗೇಟಿನ ಕಡೆಯಿಂದ "ಏನೋ ಧರಣ್ಯಾ!" ಎಂದು ಕೂಗು ಕೇಳಿತು. ಭರಮಪ್ಪನವರು. ಗೊಬ್ಬರದ ಅಂಗಡಿಯ ಬಿಲ್ಲು ಮಾಡಲು ಅವರಿಗೂ ಒಂದು ಹಳೆಯ ಲ್ಯಾಪ್‌ಟಾಪು ಬೇಕಿತ್ತಂತೆ. ಅವರ ಹೆಗಲ ಮೇಲೂ ಜರಿಯಂಚಿನ ಶಲ್ಯ. ನಾನು ಯಜಮಾನರ ಪಕ್ಕಕ್ಕೇ ಕುರ್ಚಿ ಎಳೆದುಕೊಂಡೆ.

ಹಾಗೆಂದು ಮೊದಮೊದಲು ಏನೂ ಆಗಲಿಲ್ಲ. ಭರಮಪ್ಪನವರು ನಾಲ್ಕನೇ ನಂಬರನ್ನು ಒಂಬತ್ತು ಸಾವಿರಕ್ಕೆ ಪಡೆದು, ಕೆಲಸ ಮುಗಿಯಿತೆಂದು ನಮ್ಮ ಹಿಂದಿನ ಕುರ್ಚಿಯಲ್ಲಿ ಆರಾಮಾಗಿ ಕೂತರು. ಹನ್ನೊಂದನೇ ನಂಬರು ಬಂತು. ನಾಗಲಿಂಗ ಎಂಟು ಸಾವಿರದಿಂದ ಶುರು ಮಾಡಿದರು. ನಾಸೀರ ಬೆರಳೆತ್ತಿದರು, ಇನ್ನೊಬ್ಬ ವ್ಯಾಪಾರಿ ತಲೆಯಾಡಿಸಿದ, ಯಜಮಾನರು ಕೈಯೆತ್ತಿದರು. ವ್ಯಾಪಾರಿಗಳದೆಲ್ಲ ಮೌನದ ಕೆಲಸ, ಬೆರಳು, ಹುಬ್ಬು, ಅಷ್ಟೇ. ಹದಿನಾರಕ್ಕೆ ನಾಸೀರ ಹೇಳಿದ ಮಾತಿನಂತೆಯೇ ಕೈಕಟ್ಟಿ ಕೂತರು. ಯಜಮಾನರು ಹದಿನಾರೂವರೆ ಎಂದರು. ಬ್ರಾಹ್ಮಿ ನನ್ನ ಕೈ ಬಿಗಿಯಾಗಿ ಹಿಡಿದಳು.

ಆಗ ನಾಗಲಿಂಗ ಪಟ್ಟಿ ನೋಡಿ, ಬಾಯಿತುಂಬ ಕೂಗಿದರು: "ನಂದಗಡದ ಧರಣೇಂದ್ರ ಅವರು ಹದಿನಾರೂವರೆ ಸಾವಿರ! ಏಕ ವಾರ…"

ಹಿಂದಿನಿಂದ ದನಿ ಬಂತು. "ಹದಿನೆಂಟು!"

ಭರಮಪ್ಪನವರು ಎದ್ದು ನಿಂತಿದ್ದರು. ಅವರಿಗೆ ಆ ಲ್ಯಾಪ್‌ಟಾಪು ಬೇಕಾಗಿರಲಿಲ್ಲ. ಅವರದು ಆಗಲೇ ಚೀಲದಲ್ಲಿತ್ತು. ಧರಣೇಂದ್ರ ಎಂಬ ಹೆಸರನ್ನು ಯಾರೋ ಮೊತ್ತದ ಜೊತೆ ಜೋರಾಗಿ ಕೂಗಿದರು, ಅವರ ಬಾಯಿ ತಾನಾಗಿ ತೆರೆಯಿತು.

"ಇಪ್ಪತ್ತು!" ಎಂದರು ನಮ್ಮ ಯಜಮಾನರು.

"ಅಪ್ಪಾ!" ಎಂದಳು ಬ್ರಾಹ್ಮಿ. ನಾನು ಶಲ್ಯ ಹಿಡಿದು ಜಗ್ಗಿದೆ. ಶಲ್ಯ ನನ್ನ ಕೈಗೆ ಬಂತು, ಮನುಷ್ಯ ಬರಲಿಲ್ಲ. ನಾಗಲಿಂಗನಿಗೆ ಇಂಥ ಭಾಗ್ಯ ಎಂದೂ ಸಿಕ್ಕಿರಲಿಕ್ಕಿಲ್ಲ. "ಬೀಡಿಯ ಭರಮಪ್ಪ ಅವರು ಇಪ್ಪತ್ತೆರಡು! ನಂದಗಡದ ಧರಣೇಂದ್ರ ಅವರು ಇಪ್ಪತ್ನಾಲ್ಕು!" ಎಂದು ಊರು, ಹೆಸರು ಸೇರಿಸಿ ಕೂಗುತ್ತಲೇ ಹೋದರು. ವ್ಯಾಪಾರಿಗಳು ಕುರ್ಚಿ ತಿರುಗಿಸಿಕೊಂಡು ನೋಡತೊಡಗಿದರು. ನಾಸೀರ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ರೀ, ನಿಮಗ ಹುಚ್ಚ ಹಿಡದೈತೇನ್ರಿ?" ಎಂದು ನಾನು ಕಿವಿಯಲ್ಲಿ ಕಿರುಚಿದೆ. ಅವರ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ.

ಮೂವತ್ತೊಂದು ಸಾವಿರಕ್ಕೆ ಭರಮಪ್ಪನವರು ಕೈಮುಗಿದು ಕೂತರು. ನಾಗಲಿಂಗ ಮೂರು ಸಲ ಕೂಗಿ ಮುಗಿಸಿದರು, ತೀನ ವಾರ ಆಯಿತು. ಯಜಮಾನರು ನಾಲ್ಕೂ ದಿಕ್ಕಿಗೆ ತಿರುಗಿ ನಮಸ್ಕಾರ ಮಾಡಿದರು. ಭರಮಪ್ಪನವರು ಬಂದು ಅಪ್ಪಿಕೊಂಡು, "ಭಾಗ್ಯವಂತ ನೀನು" ಎಂದರು. ಹರಾಜಿನ ಅಂಗಳದಲ್ಲಿ ಇಬ್ಬರು ಮುದುಕರು ಕಣ್ಣು ತೇವ ಮಾಡಿಕೊಂಡು ಅಪ್ಪಿಕೊಂಡು ನಿಂತಿದ್ದರು. ನಡುವೆ ಹಳೆಯ ಲ್ಯಾಪ್‌ಟಾಪು, ಗೀರು ಬಿದ್ದದ್ದು, ಮೂವತ್ತೊಂದು ಸಾವಿರದ್ದು.

ಅಮಲು ಇಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗುಮಾಸ್ತ ಬಂದು, "ಇಪ್ಪತ್ತೆಂಟು ಸಾವಿರ ಬಾಕಿ ಐತ್ರಿ, ಎರಡು ಗಂಟೇಕ" ಎಂದ.

"ದೀಪಾವಳಿ..." ಎಂದು ಬಾಯಿ ತೆರೆದ ಯಜಮಾನರು ಅಲ್ಲಿಯೇ ನಿಂತರು. ಜೇಬು ಮುಟ್ಟಿ ನೋಡಿಕೊಂಡರು. ನಮ್ಮ ಹತ್ತಿರ ಉಳಿದದ್ದು ಇಪ್ಪತ್ತೊಂದು ಸಾವಿರ. ಭರಮಪ್ಪನವರು ಕೂಡಲೇ ಜೇಬಿಗೆ ಕೈಹಾಕಿದರು. "ಏಳು ಸಾವಿರ ನಾ ಕೊಡ್ತೀನಿ ತಗೋ. ಏರಿಸಿದಾಂವ ನಾನ. ಮಾತ ಕೊಟ್ಟಮ್ಯಾಲ ಹಿಂದ ತಗೋಬಾರದು."

"ಹೌದು, ಮಾತ ಕೊಟ್ಟೇನಿ," ಎಂದರು ಯಜಮಾನರು. ಮಗಳ ಕಡೆ ತಿರುಗಿ, "ಬ್ರಾಹ್ಮೀ, ಆ ರೊಕ್ಕ ತಾ," ಎಂದರು.

ಬ್ರಾಹ್ಮಿ ಬ್ಯಾಗನ್ನು ಎದೆಗೆ ಅವುಚಿಕೊಂಡಳು. ಅವಳು ಅಪ್ಪನ ಮಾತಿಗೆ ಎದುರಾಡಿದ್ದನ್ನು ನಾನು ಕಂಡಿಲ್ಲ. ಅಂದು ಮಾತ್ರ ಹೇಳಿದಳು.

"ಕೊಡಂಗಿಲ್ಲಪ್ಪಾ."

"ಮಂದಿ ನೋಡಾಕತ್ತಾರ."

"ನೋಡಲಿ. ಇದು ಬಸದಿ ಅಲ್ಲ. ಇಲ್ಲಿ ದೇವರಿಲ್ಲ, ಪುಣ್ಯ ಇಲ್ಲ, ಬರೇ ರೇಟ್ ಐತಿ. ಹದಿನಾರೂವರೆದ ಮಷೀನಿಗೆ ಮೂವತ್ತೊಂದು ನಾ ಕೊಡಂಗಿಲ್ಲ. ಮೂರು ಸಾವಿರ ಹೋತು, ಹೋಗಲಿ."

ಯಜಮಾನರು ಶಲ್ಯಕ್ಕಾಗಿ ಹೆಗಲು ತಡಕಿದರು, ಅದು ನನ್ನ ಕೈಯಲ್ಲಿತ್ತು. ಮೆಲ್ಲಗೆ ನಡೆದು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಭರಮಪ್ಪನವರೂ ಹೋಗಿ ಪಕ್ಕದಲ್ಲಿ ಕೂತರು. ಬೆಳಗಿನಿಂದ ನನ್ನೊಳಗೆ ಕುದಿಯುತ್ತಿದ್ದ ಸಿಟ್ಟು ಇನ್ನೂ ಇತ್ತು, ಆದರೆ ಅವರು ಹಾಗೆ ಕೂತದ್ದನ್ನು ನೋಡಿ ಪಾಪ ಎಂದೂ ಅನಿಸಿತು. ಇವರ ಮೇಲೆ ಪೂರ್ತಿ ಸಿಟ್ಟಾಗುವ ಸುಖವೂ ನನಗಿಲ್ಲ.

ಬ್ರಾಹ್ಮಿ ಮಾತ್ರ ಅಳಲಿಲ್ಲ, ಕೂತಲ್ಲೇ ಲೆಕ್ಕ ತಿದ್ದಿದಳು. ಕೈಯಲ್ಲಿ ಇಪ್ಪತ್ತೊಂದು. ಬ್ಯಾಟರಿ, ಮೆಮೊರಿ ಬಿಟ್ಟರೆ ಮಷೀನಿಗೆ ಹದಿನಾಲ್ಕು. ಮೂರು ಗಂಟೆಗೆ ಎರಡು ನಂಬರು ಮತ್ತೆ ಕೂಗುತ್ತಾರೆ ಎಂದು ವಿಚಾರಿಸಿಕೊಂಡು ಬಂದಳು, ನಮ್ಮ ಹನ್ನೊಂದು ಮತ್ತು ಇನ್ಯಾರೋ ಬಿಟ್ಟ ಹದಿನಾರು. ಅಪ್ಪ ಕೂಗುವಂತಿರಲಿಲ್ಲ. ಅವಳ ಗುರುತಿನ ಚೀಟಿ ಕಾಲೇಜಿನದು, ಅದು ನಡೆಯುವುದಿಲ್ಲ ಎಂದರು. ಉಳಿದವಳು ನಾನು. ಮತ್ತೆ ಮೂರು ಸಾವಿರ ಠೇವಣಿ ಕಟ್ಟಿ ನನ್ನ ಹೆಸರು ಬರೆಸಿದೆವು.

"ಅವ್ವಾ, ನೀ ಟೀಚರ್. ನೀ ಅಪ್ಪನಾಂಗ ಮಾಡಂಗಿಲ್ಲ," ಎಂದಳು. "ಹದಿನಾಲ್ಕು ದಾಟೂ ಮುಂಚೆ ನನ್ನ ಕಡೆ ನೋಡು. ನಾ ಬ್ಯಾಡ ಅಂದ್ರ ಬಿಟ್ಟಬಿಡು. ಹೇಳ್ತೀನಿ ಯಾಕಂತ ಆಮ್ಯಾಲ, ಈಗ ಎಲ್ಲಾರೂ ಕೇಳಾಕತ್ತಾರ."

"ನನಗ ಅಷ್ಟೂ ತಿಳಿಯಂಗಿಲ್ಲೇನು?" ಎಂದೆ. ಬೆಳಿಗ್ಗೆ ಬಸ್ಸಿನಲ್ಲಿ ಇದೇ ಮಾತನ್ನು ಇನ್ನೊಬ್ಬರು ಹೇಳಿದ್ದರು, ಆದರೆ ಆಗ ಅದು ನನಗೆ ಹೊಳೆಯಲಿಲ್ಲ.

ಮೂರು ಗಂಟೆಗೆ ಹನ್ನೊಂದನೇ ನಂಬರಿನಿಂದಲೇ ಶುರುವಾಯಿತು. ಎಂಟು, ಒಂಬತ್ತು, ಹತ್ತು. ನಾನು ಮೊದಲು ಕೈ ಎತ್ತಿದಾಗ ಅರ್ಧಕ್ಕೇ ಎತ್ತಿದೆ, ಪಾಠ ಗೊತ್ತಿಲ್ಲದ ಹುಡುಗಿಯ ಹಾಗೆ. ಹನ್ನೆರಡಕ್ಕೆ ಇನ್ನುಳಿದ ವ್ಯಾಪಾರಿಗಳು ಬಿಟ್ಟರು. ನಾಸೀರ ಮತ್ತು ನಾನು ಉಳಿದೆವು. ನಾಗಲಿಂಗ ಪಟ್ಟಿ ನೋಡಿದರು.

"ನಂದಗಡದ ರತ್ನಮಾಲಾ ಅವರು ಹದಿಮೂರು ಸಾವಿರ!"

ನಾನು ಸುಳ್ಳು ಹೇಳುವುದಿಲ್ಲ. ನನ್ನ ಹೆಸರು ಆ ಅಂಗಳದಲ್ಲಿ ಮೊಳಗಿದಾಗ ಬೆನ್ನುಹುರಿಯಲ್ಲಿ ಏನೋ ಜುಂ ಎಂದು ಏರಿತು. ಈ ಸಲ ಕೂಗಿದ್ದು ಬೇರೆ ಯಾರೂ ಅಲ್ಲ, ನಾನು. ಇಷ್ಟೂ ಜನ ತಿರುಗಿ ನೋಡಿದ್ದು ನನ್ನನ್ನು. ನಾಸೀರ ಹದಿಮೂರೂವರೆ ಎಂದರು. ನಾನು ಹದಿನಾಲ್ಕು ಎಂದೆ, ಜೋರಾಗಿ. ಅವರು ಹದಿನಾಲ್ಕೂವರೆ ಎಂದರು. ನನ್ನ ಬಾಯಿಂದ ಹದಿನೈದು ಬಂತು. ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ನಾಸೀರ ಅವರ ಬೆರಳು ಕಾಣುತ್ತಿತ್ತು, ನಾಗಲಿಂಗನ ಬಾಯಿ ಕಾಣುತ್ತಿತ್ತು. ಯಾರೋ ನನ್ನ ಸೆರಗು ಜಗ್ಗುತ್ತಿದ್ದರು, ಕುರ್ಚಿಗೆ ಸಿಕ್ಕಿರಬೇಕು ಎಂದುಕೊಂಡು ಕಿತ್ತುಕೊಂಡೆ. ಹದಿನಾರಕ್ಕೆ ನಾಸೀರ ಕೈಕಟ್ಟಿದರು. "ಹದಿನಾರೂವರೆ!" ಎಂದು ನಾನು ಎದ್ದು ನಿಂತೇ ಕೂಗಿದೆ.

ತೀನ ವಾರ ಆಯಿತು. ಮಷೀನು ನಮ್ಮದಾಯಿತು. ನಾನು ಗೆಲುವಿನಿಂದ ಬ್ರಾಹ್ಮಿಯ ಕಡೆ ತಿರುಗಿದೆ.

ಅವಳು ನನ್ನನ್ನು ನೋಡುತ್ತಿರಲಿಲ್ಲ. ನಾಗಲಿಂಗ ಆಗಲೇ ಹದಿನಾರನೇ ನಂಬರು ಕೂಗುತ್ತಿದ್ದರು, ಅವಳು ಅದನ್ನೇ ನೋಡುತ್ತಿದ್ದಳು. ಎಂಟರಿಂದ ಶುರುವಾದದ್ದು ನಿಧಾನವಾಗಿ ಹತ್ತಕ್ಕೆ, ಹನ್ನೊಂದಕ್ಕೆ ಹೋಯಿತು. ಹನ್ನೆರಡು ಸಾವಿರಕ್ಕೆ ನಾಸೀರ ಅವರಿಗೆ ಬಿತ್ತು.

"ಅದರಾಗ ಮೆಮೊರಿ ಮೊದಲ ಪೂರ್ತಿ ಇತ್ತವ್ವಾ," ಎಂದಳು ಮೆಲ್ಲಗೆ. "ಹನ್ನೊಂದಕ್ಕಿಂತ ಸ್ವಲ್ಪ ನಿಧಾನ, ಅಷ್ಟ. ಬ್ಯಾಟರಿನೂ ಚಲೋ ಇತ್ತು. ಏನೂ ಹಾಕಿಸೂದು ಬೇಕಾಗಿರಲಿಲ್ಲ. ಹನ್ನೊಂದು ಹದಿನಾಲ್ಕು ದಾಟಿದ್ರ ಬಿಟ್ಟು ಅದನ್ನ ಹಿಡಿಯೂಣು ಅಂತ ಇದ್ದೆ. ಅದಕ್ಕ ನನ್ನ ಕಡೆ ನೋಡು ಅಂದಿದ್ದೆ."

"ನೀ ಮೊದಲ ಹೇಳಬೇಕಾಗಿತ್ತು," ಎಂದೆ. ನನ್ನ ದನಿಗೆ ನನಗೇ ನಾಚಿಕೆಯಾಯಿತು.

"ಜಗ್ಗಿದೆ. ನೀ ಕಿತ್ತಗೊಂಡಿ."

ದುಡ್ಡು ಕಟ್ಟಿದ ಮೇಲೆ ನಾಲ್ಕೂವರೆ ಸಾವಿರ ಉಳಿಯಿತು. ಬ್ಯಾಟರಿ ಹಾಕಿಸಿದರೆ ಮೆಮೊರಿಗೆ ಸಾಲುವುದಿಲ್ಲ. ಹೊರಗೆ ಬರುವಾಗ ನಾಸೀರ ಎದುರಾದರು. "ಚಲೋ ಮಷೀನ್ ಐತಿ, ಬೇಟಿ," ಎಂದು ಬ್ರಾಹ್ಮಿಗೆ ಹೇಳಿ, ನನ್ನ ಕಡೆ ನೋಡಿ ಏನೋ ಹೇಳಬೇಕೆಂದವರು ಹೇಳದೆ ಹೋದರು. ಹೇಳಿದ್ದರೇ ಚೆನ್ನಾಗಿತ್ತು.

ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ, ಅದಕ್ಕೇ ಬೇಗ ಮನೆ ಸೇರಬೇಕೆಂದು ಯಜಮಾನರು ಅವಸರ ಮಾಡಿದರು. ಬಸ್ಸಿನಲ್ಲಿ ಬ್ರಾಹ್ಮಿ ಕಿಟಕಿಯ ಪಕ್ಕ ಕೂತು, ಬ್ಯಾಗಿನಿಂದ ಲ್ಯಾಪ್‌ಟಾಪು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಹಿಡಿದುಕೊಳ್ಳಲು ಹೋದೆ, ಬೇಡ ಎಂದಳು. ಅಪ್ಪ ಕೈ ಚಾಚಿದರು, ಅವರಿಗೂ ಬೇಡ ಎಂದಳು. ಅದು ಶುರುವಾಗಲು ಸ್ವಲ್ಪ ಸಮಯ ತೆಗೆದುಕೊಂಡಿತು. ನೋಟುಬುಕ್ಕು ತೆಗೆದು, ತಾನು ಪೆನ್ನಿನಿಂದ ಬರೆದ ಸಾಲುಗಳನ್ನು ನೋಡಿಕೊಂಡು ಒತ್ತಲು ಶುರು ಮಾಡಿದಳು. ಬಸ್ಸು ಕುಲುಕುತ್ತಿತ್ತು, ತಪ್ಪಾದದ್ದನ್ನು ಅಳಿಸಿ ಮತ್ತೆ ಒತ್ತುತ್ತಿದ್ದಳು.

ಖಾನಾಪುರ ಹತ್ತಿರ ಬಂದಾಗ ಯಜಮಾನರು ನನ್ನ ಕಡೆ ವಾಲಿ ಪಿಸುಗುಟ್ಟಿದರು. ಬೆಲೆ ಅವರಿಗೆ ಗೊತ್ತಿತ್ತು, ಅದನ್ನು ಕೇಳಲಿಲ್ಲ.

"ಎದರಿಗೆ ಯಾರಿದ್ರು?"

"ನಾಸೀರ," ಎಂದೆ. "ಹದಿನಾರಕ್ಕ ಕೈ ಕಟ್ಟಿ ಕುಂತ್ರು."

"ಕುಂತ್ರೇನು!" ಎಂದರು ಅವರು. ದಿನವಿಡೀ ಬಾಡಿದ್ದ ಮುಖ ಒಂದಿಷ್ಟು ಅರಳಿತು. "ನೀ ಹೆಂಗ ಕೂಗಿದಿ? ಎದ್ದು ನಿಂತೋ, ಕುಂತೋ?"

"ಎದ್ದು ನಿಂತು," ಎಂದೆ ನಾನು, ಮತ್ತೆ ಬೆನ್ನು ನೆಟ್ಟಗಾಯಿತು. "ಮೊದಲು ಸಣ್ಣಗ ಕೂಗಿದೆ, ಆಮ್ಯಾಲ..."

ಕೀಲಿ ಒತ್ತುವ ಸದ್ದು ನಿಂತಿತು. ಬ್ರಾಹ್ಮಿ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು, ಇಡೀ ದಿನದಲ್ಲಿ ಅವಳು ಆಡಿದ ಅತ್ಯಂತ ಮೆಲುದನಿಯ ಮಾತು ಅದೇ ಇರಬೇಕು.

"ಇನ್ನ ಮ್ಯಾಲ ನನಗ ಬೇಕಾದ್ದು ನಾನ ತರ್ತೀನಿ. ನೀವಿಬ್ಬರೂ ಬರಬ್ಯಾಡ್ರಿ. ಈಗ ಸುಮ್ನ ಕುಂದರ್ರಿ, ನನಗ ಇದನ್ನ ನಾಳಿಕ ನನ್ನ ಹೆಸರಿಲೆ ಕೊಡೂದೈತಿ."

ಯಜಮಾನರ ಶಲ್ಯ ಇನ್ನೂ ನನ್ನ ಹತ್ತಿರವೇ ಇತ್ತು, ಅದನ್ನು ಮಡಚಿ ಚೀಲದ ತಳಕ್ಕೆ ಇಟ್ಟೆ.